ಇಂದಿನ ಚಿಂತನೆ: ಪುಸ್ತಕ ಸುಡಬಹುದೇ?



ಮೊನ್ನೆ ಔರಾದಿನ ಅಭ್ಯಾಸ ವರ್ಗದಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ಬಾಬಾಸಾಹೇಬರೇ ಮನುಸ್ಮೃತಿ ಸುಟ್ಟರು. ಹಾಗಾದರೆ ನಮಗೆ ಸೇರದ ಪುಸ್ತಕ ನಾವೂ ಸುಡಬಹುದಲ್ಲ?"

1927ರ ಡಿಸೆಂಬರ್ 25ರಂದು ಮಹಾಡದಲ್ಲಿ ನಡೆದದ್ದು ಬಹಿರಂಗ ಪ್ರತಿಭಟನೆ. ಠರಾವು ಮಂಡಿಸಿದವರು ಬ್ರಾಹ್ಮಣರಾದ ಗಂಗಾಧರ ನೀಲಕಂಠ ಸಹಸ್ರಬುದ್ಧೆ. ನಮ್ಮ ಕಲಿಯುವ ಹಕ್ಕನ್ನೇ ಕಸಿದ ಕಟ್ಟಳೆಗೆ ಇನ್ನು ತಲೆಬಾಗುವುದಿಲ್ಲ ಎಂದು ಸಾರಲು ಸುಟ್ಟರು. ಅದರಿಂದ ಯಾರ ಓದೂ ನಿಲ್ಲಲಿಲ್ಲ. ಆಮೇಲೂ ಬಾಬಾಸಾಹೇಬರು ಅದೇ ಗ್ರಂಥದ ಶ್ಲೋಕಗಳನ್ನು ಎತ್ತಿ ತೋರಿಸಿ ವಾದಿಸಿದರು. ಓದದೆ ಸುಟ್ಟವರಲ್ಲ ಅವರು.

ನನ್ನದೇ ತಪ್ಪು ಹೇಳುತ್ತೇನೆ. ದೀಕ್ಷೆ ತೆಗೆದುಕೊಂಡ ವರ್ಷ ಭಾಲ್ಕಿಯ ಮನೆಯಲ್ಲಿ ಆಯಿಯ ಹಳೆಯ ಪೋಥಿಯನ್ನು ಒಲೆಗೆ ಹಾಕಿದೆ. ಆಕೆಗೆ ಓದಲು ಬಾರದು, ಸುಮ್ಮನೆ ನೋಡಿದಳು. ಅದರ ಕೊನೆಯ ಹಾಳೆಯಲ್ಲಿ ಅಪ್ಪ ನಮ್ಮೆಲ್ಲರ ಹುಟ್ಟಿದ ದಿನ ಬರೆದಿಟ್ಟಿದ್ದರೆಂದು ಆಮೇಲೆ ಹೇಳಿದಳು. ನಾನು ಮಾಡಿದ್ದು ಪ್ರತಿಭಟನೆಯಲ್ಲ, ಬರೀ ಸಿಟ್ಟು. ಪೋಥಿಯೂ ನನ್ನದಲ್ಲ.

ಬುದ್ಧರು ಕರ್ಮವನ್ನು ಅಳೆದದ್ದು ಅದರ ಹಿಂದಿನ ಚೇತನೆಯಿಂದ. ಆ ಹುಡುಗನಿಗೆ ಇಷ್ಟೇ ಹೇಳಿದೆ: ಅನ್ಯಾಯವನ್ನು ಧಿಕ್ಕರಿಸಲು ನಿನ್ನದೇ ಪ್ರತಿಯನ್ನು ನಾಲ್ಕು ಜನರ ಮುಂದೆ ಸುಡುವುದು ಬೇರೆ, ಇನ್ನೊಬ್ಬರು ಓದಬಾರದೆಂದು ಸುಡುವುದು ಬೇರೆ. ಎರಡನೆಯದು ನಮ್ಮ ಹಿರಿಯರಿಗೆ ಅಕ್ಷರ ನಿರಾಕರಿಸಿದವರ ದಾರಿ.

ಇಂದಿನ ಅಭ್ಯಾಸ: ನೀವು ಒಪ್ಪದ ಪುಸ್ತಕದ ಒಂದು ಪುಟ ಓದಿ. ಯಾಕೆ ಒಪ್ಪುವುದಿಲ್ಲ ಎಂದು ಎರಡು ಸಾಲು ಬರೆಯಿರಿ. ಭಾನುವಾರ ಬೀದರಿನ ವರ್ಗಕ್ಕೆ ತನ್ನಿ.

ಭವತು ಸಬ್ಬ ಮಂಗಲಂ 🌼