ಮಗು ಕೇಳಿದ ಪ್ರಶ್ನೆ: ಲಿಲಿಯನ್ ಸ್ಮಿತ್ ಎಂಬಾಕೆಯ ಜೀವಿತದಿಂದ ಒಂದು ಪಾಠ

ಅಮೇರಿಕ ದೇಶದ ದಕ್ಷಿಣ ಸೀಮೆಯಲ್ಲಿ ಫ್ಲೋರಿಡಾ ಎಂಬ ಸಂಸ್ಥಾನವುಂಟು. ಅಲ್ಲಿನ ಜಾಸ್ಪರ್ ಎಂಬ ಸಣ್ಣ ಪಟ್ಟಣದಲ್ಲಿ 1897ನೇ ಇಸವಿಯ ದಶಂಬರ 12ರಲ್ಲಿ ಲಿಲಿಯನ್ ಸ್ಮಿತ್ ಎಂಬಾಕೆಯು ಹುಟ್ಟಿದಳು. ತಂದೆತಾಯಿಗಳು ಮೆಥೊಡಿಸ್ಟ್ ಸಭೆಯವರು, ದೇವಭಕ್ತರು. ಪ್ರಾರ್ಥನೆ ಮಾಡಬೇಕೆಂತಲೂ ಎಲ್ಲರನ್ನು ಪ್ರೀತಿಸಬೇಕೆಂತಲೂ ಅವರು ಮಕ್ಕಳಿಗೆ ಕಲಿಸುತ್ತಿದ್ದರು.

ಆಕೆಯು ಚಿಕ್ಕವಳಿದ್ದಾಗ ಒಂದು ಸಂಗತಿ ನಡೆಯಿತು. ಆ ಊರಿನ ಕಪ್ಪು ಜನರ ಕೇರಿಯಲ್ಲಿ ಬಿಳಿಯ ಮೈಬಣ್ಣದ ಒಂದು ಹುಡುಗಿಯು ಇರುವದನ್ನು ಬಿಳಿಯ ಸ್ತ್ರೀಯರು ಕಂಡರು. ಇದು ಕದ್ದು ತಂದ ಮಗುವಾಗಿರಬೇಕೆಂದು ನೆನಸಿ ಅವಳನ್ನು ಅಲ್ಲಿಂದ ಬಿಡಿಸಿ ಸ್ಮಿತ್ ಕುಟುಂಬದವರ ಮನೆಯಲ್ಲಿ ಇರಿಸಿದರು. ಜೇನಿ ಎಂಬ ಆ ಹುಡುಗಿಯು ಲಿಲಿಯನಳ ಕೋಣೆಯಲ್ಲಿ ಮಲಗಿದಳು, ಅವಳ ಬಟ್ಟೆಗಳನ್ನು ತೊಟ್ಟಳು, ಅವಳ ಸಂಗಡ ಊಟಮಾಡಿ ಆಡಿದಳು. ಕೆಲವು ವಾರಗಳ ಮೇಲೆ, ಬಣ್ಣವು ಬೆಳ್ಳಗಿದ್ದರೂ ಅವಳು ಕಪ್ಪು ಕುಲದವಳೇ ಎಂಬ ಸುದ್ದಿ ಬಂತು. ಕೂಡಲೇ ಅವಳನ್ನು ಕೇರಿಗೆ ಹಿಂದಕ್ಕೆ ಕಳುಹಿಸಿಬಿಟ್ಟರು. ಯಾಕೆಂದು ಲಿಲಿಯನಳು ತಾಯಿಯನ್ನು ಕೇಳಿದಳು. ಇಂಥವು ತಿಳಿಯುವ ವಯಸ್ಸು ನಿನಗಿನ್ನೂ ಬಂದಿಲ್ಲವೆಂದು ತಾಯಿಯು ಅವಳ ಬಾಯಿ ಮುಚ್ಚಿಸಿದಳು.

ಆ ಸೀಮೆಯಲ್ಲಿ ಗುಲಾಮತನವು 1865ರಲ್ಲಿಯೇ ತೀರಿತ್ತು. ಆದಾಗ್ಯೂ ಕಪ್ಪು ಜನರಿಗೆ ಶಾಲೆ ಬೇರೆ, ರೈಲು ಡಬ್ಬಿ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ ಎಂದು ಕಾಯಿದೆಗಳನ್ನೂ ಕಟ್ಟಳೆಗಳನ್ನೂ ಮಾಡಿದ್ದರು. ಒಬ್ಬ ಕರ್ತನನ್ನೇ ಆರಾಧಿಸುವವರು ಬೇರೆ ಬೇರೆ ದೇವಾಲಯಗಳಲ್ಲಿ ಕೂಡುತ್ತಿದ್ದರು. ದೇವರ ಪ್ರೀತಿಯನ್ನು ಕಲಿಸಿದ ಬಾಯಿಯೇ ಈ ಬೇರ್ಪಡಿಕೆಯನ್ನೂ ಕಲಿಸಿತೆಂಬ ದುಃಖವು ಲಿಲಿಯನಳನ್ನು ಬಿಡಲಿಲ್ಲ.

1922ರಲ್ಲಿ ಆಕೆಯು ಚೀನಾ ದೇಶಕ್ಕೆ ಹೋಗಿ, ಮಿಶನಿನವರ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರು ವರುಷ ಸಂಗೀತವನ್ನು ಕಲಿಸಿದಳು. ಅಲ್ಲಿ ಪರದೇಶದ ಬಿಳಿಯರು ಚೀನರನ್ನು ಹೀನೈಸುವದನ್ನು ಕಂಡಾಗ ತನ್ನ ಸ್ವಂತ ಊರಿನ ರೀತಿಯೂ ಇದೇ ಎಂದು ಆಕೆಗೆ ತೋಚಿತು. 1925ರಲ್ಲಿ ತಿರಿಗಿ ಬಂದು, ಜಾರ್ಜಿಯ ಸಂಸ್ಥಾನದ ಕ್ಲೇಟನ್ ಎಂಬ ಬೆಟ್ಟದೂರಿನಲ್ಲಿ ತಂದೆಯು ಸ್ಥಾಪಿಸಿದ್ದ ಬಾಲಿಕೆಯರ ಶಿಬಿರವನ್ನು 1948ರ ವರೆಗೆ ನಡಿಸಿದಳು. ಅಲ್ಲಿಗೆ ಬರುತ್ತಿದ್ದವರು ಸ್ಥಿತಿವಂತ ಬಿಳಿಯರ ಮಕ್ಕಳು. ತನ್ನ ತಾಯಿಯು ಮುಚ್ಚಿಸಿದ ಪ್ರಶ್ನೆಯನ್ನು ಈ ಮಕ್ಕಳು ಕೇಳಿದಾಗ ಆಕೆಯು ಸುಮ್ಮನಿರಿಸಲಿಲ್ಲ. ಕೂತು ಉತ್ತರ ಕೊಟ್ಟಳು. 1936ರಿಂದ ತನ್ನ ಗೆಳತಿಯಾದ ಪೌಲಾ ಸ್ನೆಲಿಂಗಳ ಸಂಗಡ ಒಂದು ಪತ್ರಿಕೆಯನ್ನು ಹೊರಡಿಸಿ, ಕಪ್ಪು ಜನರ ಬರಹಗಳಿಗೂ ಬಿಳಿಯರ ಬರಹಗಳಿಗೂ ಅದರಲ್ಲಿ ಸ್ಥಳ ಕೊಟ್ಟಳು. ಇಬ್ಬಣದವರನ್ನೂ ತನ್ನ ಮನೆಗೆ ಕರೆದು ಒಂದೇ ಮೇಜಿನಲ್ಲಿ ಊಟಕ್ಕೆ ಕೂರಿಸಿದಳು. ಆ ಸೀಮೆಯಲ್ಲಿ ಇದು ಸಣ್ಣ ಧೈರ್ಯವಲ್ಲ.

1944ರಲ್ಲಿ ಆಕೆಯ ಕಾದಂಬರಿಯು ಅಚ್ಚಾಯಿತು. ‘ಸ್ಟ್ರೇಂಜ್ ಫ್ರೂಟ್’, ಅಂದರೆ ವಿಚಿತ್ರ ಫಲವೆಂದು ಅದರ ಹೆಸರು. ಜಾರ್ಜಿಯದ ಒಂದು ಊರಿನಲ್ಲಿ ಬಿಳಿಯ ವೈದ್ಯನ ಮಗನೂ ವಿದ್ಯಾವಂತಳಾದ ಕಪ್ಪು ಯುವತಿಯೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಅದೇ ವೇಳೆಯಲ್ಲಿ ಊರಲ್ಲಿ ಉಜ್ಜೀವನ ಕೂಟಗಳು ನಡೆಯುತ್ತವೆ. ಬೋಧಕನು ಯುವಕನಿಗೆ ಅವಳನ್ನು ಬಿಟ್ಟು, ಸಭೆಗೆ ಸೇರಿ, ಬಿಳಿಯ ಹುಡುಗಿಯನ್ನು ಮದುವೆಯಾಗೆಂದು ಬುದ್ಧಿ ಹೇಳುತ್ತಾನೆ. ಕಡೆಗೆ ಆ ಯುವಕನು ಕೊಲೆಯಾಗುತ್ತಾನೆ. ಏನೂ ತಪ್ಪು ಮಾಡದ ಒಬ್ಬ ಕಪ್ಪು ಆಳನ್ನು ಊರಿನ ಜನರು ವಿಚಾರಣೆಯಿಲ್ಲದೆ ಗುಂಪುಕೂಡಿ ಕೊಲ್ಲುತ್ತಾರೆ. ಕೀರ್ತನೆಗಳ ಧ್ವನಿಯು ತುಂಬಿದ್ದ ಊರಲ್ಲಿಯೇ ಇದು ನಡೆಯುತ್ತದೆ. ಬೇರ್ಪಡಿಕೆಯು ಹೊರಗಿಡಲ್ಪಟ್ಟವನನ್ನು ಮಾತ್ರವಲ್ಲದೆ ಹೊರಗಿಟ್ಟವನ ಆತ್ಮವನ್ನೂ ಕೆಡಿಸುತ್ತದೆಂಬದೇ ಆ ಫಲವೆಂದು ಗ್ರಂಥಕರ್ತಳ ಅಭಿಪ್ರಾಯ.

ಬೊಸ್ಟನ್ ಮತ್ತು ಡೆಟ್ರಾಯಿಟ್ ಪಟ್ಟಣಗಳಲ್ಲಿ ಪುಸ್ತಕವನ್ನು ತಡೆದರು. ಅಂಚೆಯವರೂ ತಡೆದರು, ಅಧ್ಯಕ್ಷ ರೂಸ್ವೆಲ್ಟರ ಪತ್ನಿಯು ಹೇಳಿದ ಮೇಲೆ ಅಧ್ಯಕ್ಷರು ನಡುವೆ ಬಂದು ಆ ತಡೆಯನ್ನು ತೆಗೆಸಿದರು. ಆದರೂ ಪ್ರತಿಗಳು ಲಕ್ಷಗಟ್ಟಲೆ ಮಾರಿದವು. ಯಾರೂ ಬಾಯಿಬಿಡದಿದ್ದ ಸಂಗತಿಯನ್ನು ಜನರು ಮನೆಮನೆಗಳಲ್ಲಿ ಮಾತಾಡತೊಡಗಿದರು. 1949ರಲ್ಲಿ ‘ಕಿಲ್ಲರ್ಸ್ ಆಫ್ ದ ಡ್ರೀಮ್’ ಎಂಬ ಪುಸ್ತಕದಲ್ಲಿ ಆಕೆಯು ಜೇನಿಯ ಸಂಗತಿಯನ್ನು ಬರೆದು, ತನ್ನ ಮನೆಯವರ ತಪ್ಪನ್ನು ತಾನೇ ಒಪ್ಪಿಕೊಂಡಳು. ಪರರ ದೋಷವನ್ನು ಬರೆಯುವದು ಸುಲಭ. ತನ್ನ ತಾಯಿಯ ಮನೆಯ ದೋಷವನ್ನು, ಆಕೆಯ ಮೇಲಣ ಪ್ರೀತಿಯನ್ನು ಬಿಡದೆ ಬರೆಯುವದು ಕಷ್ಟ.

1955ರಲ್ಲಿ ದುಷ್ಟರು ಆಕೆಯ ಮನೆಗೆ ಬೆಂಕಿ ಹಚ್ಚಿದಾಗ ಅನೇಕ ಪತ್ರಗಳೂ ಕೈಬರಹಗಳೂ ಸುಟ್ಟುಹೋದವು. ಅದಕ್ಕೆ ಮುಂಚೆಯೇ ಆಕೆಗೆ ಕ್ಯಾನ್ಸರ್ ರೋಗವು ಹಿಡಿದಿತ್ತು. 1960ರಲ್ಲಿ ಮಾರ್ಟಿನ್ ಲೂಥರ್ ಕಿಂಗರು ಮೋಟಾರಿನಲ್ಲಿ ಆಕೆಯನ್ನು ಆಸ್ಪತ್ರೆಗೆ ಕರಕೊಂಡು ಹೋಗುತ್ತಿರಲಾಗಿ, ಕಪ್ಪು ಪುರುಷನ ಬಳಿ ಬಿಳಿಯ ಸ್ತ್ರೀಯು ಕೂತದ್ದನ್ನು ಕಂಡು ಪೊಲೀಸರು ಅವರನ್ನು ತಡೆದರು. ಆದಾಗ್ಯೂ ಆಕೆಯು ಬರೆಯುವದನ್ನು ಬಿಡದೆ, 1966ರ ಸೆಪ್ಟಂಬರ 28ರಲ್ಲಿ ತೀರಿಕೊಂಡಳು.

ಸಹೋದರ ಸಹೋದರಿಯರೇ, ಆ ತಾಯಿಯು ಕ್ರೂರಳಾಗಿರಲಿಲ್ಲ. ಊರಿನ ಪದ್ಧತಿಗೆ ಅಂಜಿದಳು, ಅಷ್ಟೇ. ಅಷ್ಟರಿಂದಲೇ ಒಂದು ಮಗುವು ಮನೆಯಿಂದ ಹೊರಗಾಯಿತು.

ಕುಟುಂಬದಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:

1. ಜೇನಿಯಲ್ಲಿ ಏನು ಬದಲಾಯಿತು? ಅವಳನ್ನು ನೋಡುವವರಲ್ಲಿ ಏನು ಬದಲಾಯಿತು?

2. ಕಾದಂಬರಿಯ ಬೋಧಕನು ಯುವಕನಿಗೆ ಯಾವ ಪಾಪವನ್ನು ತೋರಿಸಿದನು? ಯಾವದನ್ನು ತೋರಿಸದೆ ಬಿಟ್ಟನು?

3. ನಮ್ಮ ಮಕ್ಕಳು ಯಾರ ವಿಷಯವಾಗಿ ಯಾಕೆಂದು ಕೇಳಿದಾಗ ನಾವು ಅವರನ್ನು ಸುಮ್ಮನಿರಿಸುತ್ತೇವೆ?