ಅಂಗುಳಕ್ಕೊಂದು ಕೀಲಿ

ನಮ್ಮ ಕಡೆ ಹೆಣ್ಣುಮಕ್ಕಳ ಹಲ್ಲಿನ ವಿಚಾರ ಎದ್ದೇಳುವುದು ಗಂಡು ನೋಡಲು ಶುರುಮಾಡಿದ ಮೇಲೆಯೇ. ಮಗಳಿಗೆ ಒಂಬತ್ತು ತುಂಬುವ ಹೊತ್ತಿಗೆ ಮೇಲಿನ ಹಲ್ಲುಗಳು ಒಂದರ ಮೇಲೊಂದು ಏರಿಕೊಂಡಿದ್ದವು. ಬಾಯಿ ಮುಚ್ಚಿದರೆ ಬಲಗಡೆಯ ಮೇಲಿನ ದವಡೆಹಲ್ಲುಗಳು ಕೆಳಗಿನವುಗಳಿಗಿಂತ ಒಳಗೆ ಕೂರುತ್ತಿದ್ದವು. "ಈಗಲೇ ಎಂಥಾ ಕ್ಲಿಪ್ಪು? ದೊಡ್ಡವಳಾಗಲಿ, ಮದುವೆ ಹೊತ್ತಿಗೆ ನೋಡಿಕೊಂಡರಾಯ್ತು" ಎಂದರು ನಮ್ಮತ್ತೆ. ಡಾಕ್ಟರು ಹೇಳಿದ್ದು ಇದಕ್ಕೆ ತದ್ವಿರುದ್ಧ. ಹಲ್ಲನ್ನು ದೊಡ್ಡವರಾದ ಮೇಲೂ ಸರಿಸಬಹುದು, ದವಡೆಯನ್ನು ಸುಲಭವಾಗಿ ಅಗಲ ಮಾಡುವುದಕ್ಕೆ ಇದೇ ವಯಸ್ಸು ಎಂದರು.

ಮೇಲ್ದವಡೆ ಒಂದೇ ಮೂಳೆಯಲ್ಲ ಎನ್ನುವುದು ನನಗೆ ಆಗಲೇ ಗೊತ್ತಾಗಿದ್ದು. ಎಡಕ್ಕೊಂದು, ಬಲಕ್ಕೊಂದು. ಎರಡೂ ಕೂಡುವ ಜಾಗ ಅಂಗುಳದ ನಟ್ಟನಡುವೆ, ಬಟ್ಟೆಯ ಹೊಲಿಗೆಯ ಹಾಗೆ ಇರುತ್ತದೆ. ಮಕ್ಕಳಲ್ಲಿ ಈ ಹೊಲಿಗೆ ಸಡಿಲ, ಹರೆಯ ದಾಟುತ್ತ ಹೋದಂತೆ ಬಿಗಿ. ಬಿಗಿದ ಮೇಲೆ ಅಂಗುಳದ ಮೂಳೆಗೇ ಸ್ಕ್ರೂ ಕೂರಿಸಬೇಕು, ಇಲ್ಲವೇ ಆಪರೇಷನ್ ಮಾಡಿಸಬೇಕು. ಕೆಳದವಡೆಗೆ ಈ ಅನುಕೂಲವೂ ಇಲ್ಲ. ಅದರ ಎರಡು ಭಾಗಗಳು ಮಗುವಿಗೆ ವರ್ಷ ತುಂಬುವಷ್ಟರಲ್ಲೇ ಬೆಸೆದುಬಿಡುತ್ತವೆ.

ಮಗಳ ಬಾಯಿಗೆ ಬಂದದ್ದು ಎಕ್ಸ್‌ಪ್ಯಾಂಡರ್. ಹಿಂದಿನ ಹಲ್ಲುಗಳಿಗೆ ಉಕ್ಕಿನ ಬಳೆ, ಬಳೆಯಿಂದ ದಪ್ಪ ತಂತಿ, ನಡುವೆ ತೂತುಗಳಿರುವ ಸ್ಕ್ರೂ. ಅದನ್ನು ತಿರುಗಿಸುವುದು ಡಾಕ್ಟರಲ್ಲ, ಮನೆಯವರು! ಮಗಳು ಅಂಗಾತ ಮಲಗಬೇಕು, ಯಜಮಾನರು ಟಾರ್ಚ್ ಹಿಡಿಯಬೇಕು. ನಾನು ಕೀಲಿಯನ್ನು ತೂತಿಗೆ ಸಿಕ್ಕಿಸಿ ಮುಂದಿನ ಹಲ್ಲಿನ ಕಡೆಯಿಂದ ಗಂಟಲಿನ ಕಡೆಗೆ ತಳ್ಳಬೇಕು. ಹಾಗೆ ತಳ್ಳಿದರೆ ಕಾಲು ಸುತ್ತು, ಅಂದರೆ ಹೆಚ್ಚುಕಡಿಮೆ ಕಾಲು ಮಿಲಿಮೀಟರ್. ಮುಂದಿನ ತೂತು ಪೂರ್ತಿ ಕಾಣಿಸಿದರೆ ಮಾತ್ರ ಸುತ್ತು ಮುಗಿದ ಹಾಗೆ. ಕೀಲಿ ತೆಗೆಯುವಾಗ ಕೈ ಹಿಂದಕ್ಕೆ ಬಂದರೆ ಸ್ಕ್ರೂವೂ ಹಿಂದಕ್ಕೆ ಬರುತ್ತದೆ. ಕೀಲಿಗೆ ದಾರ ಕಟ್ಟಿ ಬೆರಳಿಗೆ ಸುತ್ತಿಕೊಳ್ಳುವುದನ್ನು ಮರೆಯಬೇಡಿ, ಜಾರಿದರೆ ಅದು ಸೀದಾ ಗಂಟಲಿಗೆ. ಪ್ರತಿ ಸಲವೂ ಮಗಳು ಮೂಗಿನ ಬುಡ ಒತ್ತಿಕೊಂಡು "ಬಿಗೀತಾ ಇದೆ ಅಮ್ಮಾ" ಅನ್ನುತ್ತಿದ್ದಳು. ಐದು ನಿಮಿಷದಲ್ಲಿ ಆಟಕ್ಕೆ ಓಡುತ್ತಿದ್ದಳು.

ಕೆಲವು ದಿನ ಕಳೆಯುವಷ್ಟರಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ದೊಡ್ಡ ಸಂದು ಬಿತ್ತು. ಅತ್ತೆ ಕಂಗಾಲು: "ಇದ್ದ ಹಲ್ಲೂ ಕೆಡಿಸಿಟ್ಟರಲ್ಲೇ!" ಹೊಲಿಗೆ ಬಿಟ್ಟಿದೆ ಎನ್ನುವುದಕ್ಕೆ ಆ ಸಂದೇ ಗುರುತು. 1860ರಲ್ಲಿ ಅಮೆರಿಕದ ಎಮರ್ಸನ್ ಏಂಜೆಲ್ ಹದಿಹರೆಯದ ಹುಡುಗಿಯೊಬ್ಬಳಲ್ಲಿ ಇದೇ ಸಂದನ್ನು ಕಂಡು ಬರೆದಾಗ ಓರಗೆಯ ದಂತವೈದ್ಯರೇ ನಂಬಲಿಲ್ಲ. 1961ರಲ್ಲಿ ಆಂಡ್ರ್ಯೂ ಹಾಸ್ ತಮ್ಮ ರೋಗಿಗಳ ವಿವರ ಪ್ರಕಟಿಸಿದ ಮೇಲೆ ಈ ಚಿಕಿತ್ಸೆಗೆ ಮತ್ತೆ ಜೀವ ಬಂತು. ಹಲ್ಲುಗಳ ಬುಡವನ್ನು ಜೋಡಿಸುವ ನಾರುಗಳು ಎಳೆದು ಸಂದು ತಾನಾಗಿಯೇ ಕೂಡಿಕೊಳ್ಳುತ್ತದೆ. ಮಗಳಿಗೂ ಹಾಗೇ ಆಯಿತು.

ತಿರುಗಿಸುವುದು ಬೇಗ ಮುಗಿಯುತ್ತದೆ, ಕಷ್ಟವಿರುವುದು ಆಮೇಲೆ. ಬಿರಿದ ಜಾಗದಲ್ಲಿ ಹೊಸ ಮೂಳೆ ತುಂಬುವವರೆಗೆ, ಅಂದರೆ ತಿಂಗಳುಗಟ್ಟಲೆ, ಸ್ಕ್ರೂವನ್ನು ಬಿಗಿದು ಎಕ್ಸ್‌ಪ್ಯಾಂಡರನ್ನು ಬಾಯಲ್ಲೇ ಬಿಡುತ್ತಾರೆ. ಟ, ಣ, ಳ ಹೇಳಲು ನಾಲಿಗೆ ಅಂಗುಳ ಮುಟ್ಟಬೇಕಲ್ಲ, ಅಲ್ಲಿ ಕಬ್ಬಿಣ ಕೂತಿದೆ. ಮಗಳು "ಬಾಳೆಹಣ್ಣು" ಅನ್ನಲು ಒದ್ದಾಡಿದಳು, ತರಗತಿಯಲ್ಲಿ ನಕ್ಕರು, ವಾರದೊಳಗೆ ನಾಲಿಗೆ ದಾರಿ ಕಂಡುಕೊಂಡಿತು. ಸೊಪ್ಪಿನ ಪಲ್ಯ ತಂತಿಗೆ ಸಿಕ್ಕಿಕೊಂಡರೆ ಬ್ರಷ್ ಸಾಲದು, ಸೂಜಿ ತೆಗೆದ ಸಿರಿಂಜಿನಿಂದ ನೀರು ಚಿಮ್ಮಿಸಬೇಕು. ಚಕ್ಕುಲಿ, ಚಿಕ್ಕಿ ಬಂದ್.

ಉಳಿದ ಹಲ್ಲುಗಳೆಲ್ಲ ಹುಟ್ಟಿದ ಮೇಲೆ ಬ್ರೇಸಸ್. ತಂತಿ ಹಲ್ಲನ್ನು ತಳ್ಳಿದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸದು ಕಟ್ಟಿಕೊಳ್ಳುತ್ತದೆ. ವೇಗ ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಜಾಸ್ತಿ ಬಿಗಿದರೆ ಬೇಗ ಆಗುವುದಿಲ್ಲ, ಬೇರಿಗೇ ಪೆಟ್ಟು.

ತಂತಿ ಬಿಚ್ಚಿದ ದಿನ ಎಲ್ಲ ಮುಗಿಯಿತೆಂದು, ಹಲ್ಲು ಕದಲದಂತೆ ಹಿಡಿದಿಡುವ ರಿಟೇನರನ್ನು ಡ್ರಾಯರಿಗೆ ಹಾಕುವವರೇ ಬಹಳ. ಸರಿಸಿದ ಹಲ್ಲು ಹಳೆಯ ಜಾಗಕ್ಕೆ ಜಾರುತ್ತಲೇ ಇರುತ್ತದೆ. ಮಗಳು ಇವತ್ತಿಗೂ ರಾತ್ರಿ ಹಾಕಿಕೊಂಡೇ ಮಲಗುತ್ತಾಳೆ.

ಅಮೆರಿಕದ ಆರ್ಥೊಡಾಂಟಿಸ್ಟರ, ಅಂದರೆ ಹಲ್ಲು-ದವಡೆ ಸರಿಪಡಿಸುವ ವೈದ್ಯರ, ಸಂಘ ಮಗುವಿಗೆ 7 ತುಂಬುವಷ್ಟರಲ್ಲಿ ಒಮ್ಮೆ ತೋರಿಸಿ ಎನ್ನುತ್ತದೆ. ನಿಮ್ಮ ಮಗುವನ್ನೂ ಕರೆದುಕೊಂಡು ಹೋಗಿ. ಬಹಳಷ್ಟು ಮಕ್ಕಳಿಗೆ ಏನೂ ಹಾಕಬೇಕಾಗಿ ಬರುವುದಿಲ್ಲ. ಬೇಕಾದವರನ್ನು ಮದುವೆಯವರೆಗೆ ಕಾಯಿಸಬೇಡಿ.