ಪಿಕಪ್ ಗಾಡಿಯ ಬ್ರೇಕು: ಕಡಿಮೆ ಖರ್ಚಿನ ಸುಧಾರಣೆ



ಹೋದ ಸುಗ್ಗಿಯಲ್ಲಿ ಟೊಮೇಟೊ ತುಂಬಿದ ಪಿಕಪ್ಪಿನಲ್ಲಿ ನಾನೂ ಕುಳಿತಿದ್ದೆ. ಇಳಿಜಾರಿನಲ್ಲಿ ಬ್ರೇಕ್ ಪೆಡಲು ಮೆತ್ತಗಾಯಿತು. ಚಾಲಕನು ಗೇರು ಇಳಿಸಿ, ಕೈಬ್ರೇಕು ಎಳೆದುದರಿಂದ ಉಳಿದೆವು. ಬ್ರೇಕು ಹಿಡಿಯದಿದ್ದರೆ ಹೊಸ ಸಾಮಾನು ಕೊಳ್ಳುವ ಮುನ್ನ ಇವನ್ನು ಗಮನಿಸಿರಿ.

1. ಪರೀಕ್ಷೆ: ನಿಂತ ಗಾಡಿಯ ಇಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲಗೆ ಕೆಳಗಿಳಿಯುತ್ತಲೇ ಹೋದರೆ ಸೋರಿಕೆಯನ್ನು ಹುಡುಕಿಸಬೇಕು.

2. ಬ್ರೇಕ್ ಆಯಿಲ್: ಇದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಬ್ರೇಕು ಕಾದಾಗ ಆ ನೀರು ಆವಿಯಾಗಿ ಪೆಡಲಿನ ಒತ್ತಡ ಚಕ್ರಕ್ಕೆ ತಲುಪುವುದಿಲ್ಲ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಪೈಪಿನೊಳಗಿನ ಗಾಳಿಯನ್ನು ತೆಗೆಸತಕ್ಕದ್ದು. ಇಂಜಿನ್ ಆಯಿಲನ್ನು ಎಂದಿಗೂ ಹಾಕಬಾರದು. ರಬ್ಬರು ಉಬ್ಬಿ ಕೆಡುತ್ತದೆ.

3. ಹಿಂಚಕ್ರದ ಡ್ರಮ್ಮು: ಲೈನರ್ ಸವೆದಂತೆ ಸಂದು ಹೆಚ್ಚಿ ಪೆಡಲು ಆಳಕ್ಕೆ ಇಳಿಯುತ್ತದೆ. ಮೆಕ್ಯಾನಿಕರಿಂದ ಬಿಗಿ ಮಾಡಿಸಿರಿ. ಲೈನರ್ ಬದಲಿಸುವುದಾದರೆ ಎಡ ಬಲ ಎರಡನ್ನೂ ಒಟ್ಟಿಗೆ ಬದಲಿಸಿರಿ. ಇಲ್ಲವಾದರೆ ಗಾಡಿ ಒಂದೇ ಕಡೆಗೆ ಎಳೆಯುತ್ತದೆ.

4. ಹೊರೆ ಮತ್ತು ವೇಗ: ಇಲ್ಲಿ ಕಾಸಿನ ಖರ್ಚೂ ಇಲ್ಲ. ಆರ್.ಸಿ.ಯಲ್ಲಿ ಕಾಣಿಸಿದ ತೂಕವನ್ನು ಮೀರಬೇಡಿರಿ. ವೇಗ 2 ಪಟ್ಟಾದರೆ ಬ್ರೇಕು ಹಾಕಿದ ಮೇಲೆ ಗಾಡಿ ಓಡುವ ದೂರ ಸುಮಾರು 4 ಪಟ್ಟಾಗುತ್ತದೆ. ಇಳಿಜಾರಿನಲ್ಲಿ ಎತ್ತುಗಳನ್ನು ಹಗ್ಗ ಬಿಗಿಹಿಡಿದು ಇಳಿಸುವುದಿಲ್ಲವೇ? ಹಾಗೆಯೇ ಪಿಕಪ್ಪನ್ನು ಕಡಿಮೆ ಗೇರಿನಲ್ಲಿ ಇಳಿಸಿರಿ.

ಪೆಡಲು ಮೆತ್ತಗಿದ್ದ ದಿನ ಗಾಡಿ ಹೊರಡಿಸಬೇಡಿರಿ. ಮಾಲಿಗೆ ನಾಳೆಯೂ ಪೇಟೆಯುಂಟು. ಹೋದ ಪ್ರಾಣ ಮರಳಿ ಬಾರದು.